ಪಾಲೆ ಮರಕ್ಕೆ ಕಟ್ಟಿದ ನೂಲು

ಮೊನ್ನೆ ಸಂಜೆ ಹಂಪನಕಟ್ಟೆಯ ಆಫೀಸಿನಿಂದ ಬಸ್ ಸ್ಟಾಪಿಗೆ ಬರುವಾಗ ಫುಟ್‌ಪಾತಿನ ಮೇಲೆ ಒಂದು ಕೊಂಬೆ ಅಡ್ಡ ಬಿದ್ದಿತ್ತು. ಕರೆಂಟಿನ ತಂತಿಗೆ ತಾಗುತ್ತದೆಂದು ಲೈನ್‌ಮನ್‌ಗಳು ಕಡಿದು ಅಲ್ಲೇ ಬಿಟ್ಟು ಹೋಗಿದ್ದರು. ದಾಟಲು ಜಾಗವಿಲ್ಲದೆ ಕೈಯಿಂದ ಬದಿಗೆ ಎಳೆದೆ. ಬಸ್ಸಿನಲ್ಲಿ ಕೂತ ಮೇಲೆ ಬೆರಳುಗಳು ಒಂದಕ್ಕೊಂದು ಅಂಟುತ್ತಿರುವುದು ಗೊತ್ತಾಯಿತು. ಬಿಳಿ ಹಾಲು. ಕರ್ಚೀಫಿನಿಂದ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮೂಗಿನ ಹತ್ತಿರ ತಂದೆ. ಹಸಿಯಾದ, ಕಹಿಯಾದ ವಾಸನೆ... ಪಾಲೆ ಮರ. ನನ್ನ ಮುಖ ಹೇಗಾಗಿತ್ತೋ, ಪಕ್ಕದಲ್ಲಿ ಕೂತಿದ್ದ ಹೆಂಗಸು "ಎಂತಾಯ್ತು, ತಲೆ ತಿರುಗ್ತದಾ?" ಎಂದು ಕೇಳಿ ಕಿಟಕಿಯ ಬದಿಯ ಸೀಟು ಬಿಟ್ಟುಕೊಟ್ಟರು.

ನನಗೆ ದಿನವೂ ಬರೆದಿಡುವ ಅಭ್ಯಾಸ ಉಂಟು. ಮಳೆ ಬಂತೇ, ಯಾರು ಮನೆಗೆ ಬಂದರು, ಎಲ್ಲಿಗೆ ಹೋದೆ, ಎಷ್ಟು ಹೊತ್ತಿಗೆ ಮಲಗಿದೆ, ಎಲ್ಲ. ಆದರೆ ಆ ಒಂದು ದಿನದ ಪುಟದಲ್ಲಿ ಬರೆದದ್ದು ಇಷ್ಟೇ: "ಆಟಿ ಅಮಾವಾಸ್ಯೆ. ಮಳೆ. ಎಲ್ಲರೂ ಕ್ಷೇಮ." ಹೆಚ್ಚು ಬರೆಯಲು ಅವತ್ತು ಕೈ ಬರಲಿಲ್ಲ. ಆಮೇಲೆ ಬರೆಯೋಣ ಎಂದುಕೊಂಡೆ, ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಆಗ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಕದ್ರಿ ಗುಡ್ಡದ ಇಳಿಜಾರಿನ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಎರಡೂ ಕಡೆ ಪಾಚಿ ಹಿಡಿದ ಕೆಂಪುಕಲ್ಲಿನ ಕಂಪೌಂಡು, ಒಳಗೆ ಹಂಚಿನ ಹಳೇ ಮನೆಗಳು, ಕೆಲವದರ ಮುಂದೆ ಸಣ್ಣ ಶಿಲುಬೆ, ಕೆಲವದರ ಮುಂದೆ ತುಳಸಿಕಟ್ಟೆ. ಎಲ್ಲ ಮನೆಗಳಿಗಿಂತ ಹಳೆಯವು ಮರಗಳು. ಹಲಸು, ಮಾವು, ರೆಂಜೆ, ಗೋಳಿ. ಮೇಲೆ ಅವುಗಳ ಕೊಂಬೆಗಳು ಸೇರಿಕೊಂಡು ಮಧ್ಯಾಹ್ನವೂ ಓಣಿಯಲ್ಲಿ ಸಂಜೆಯ ಬೆಳಕು. ಬೇರೆ ಬೀದಿಗಳಿಂದಲೂ ಜನ ಅಲ್ಲಿಗೆ ವಾಕಿಂಗಿಗೆ ಬರುತ್ತಿದ್ದರು. ತಂಪು ಅಂತ.

ನಮ್ಮ ಹಿತ್ತಿಲಿಗೆ ತಾಗಿದ ಮನೆಯಲ್ಲಿ ಒಬ್ಬರು ಮಾವ, ಮಾಮಿ ಇದ್ದರು. ಸಂಬಂಧಿಕರಲ್ಲ. ನೆರೆಯವರನ್ನು ನಾವು ಹಾಗೆ ಕರೆಯುವುದು. ಮಾವ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎತ್ತರದ ಆಳು, ದೊಡ್ಡ ಸ್ವರ. ಓಣಿಯಲ್ಲಿ ಅವರಿಗೆ ಒಂದು ಸ್ಥಾನ ಇತ್ತು. ವರ್ಷಕ್ಕೊಮ್ಮೆ, ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ನಮ್ಮವರೆಲ್ಲ ಪಾಲೆ ಮರದ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತೇವಲ್ಲ, ಆ ತೊಗಟೆಯನ್ನು ಓಣಿಯ ಎಲ್ಲ ಮನೆಗಳಿಗೂ ತರುತ್ತಿದ್ದವರು ಅವರು. ತರುವುದಕ್ಕೆ ಕ್ರಮ ಉಂಟು. ಸೂರ್ಯ ಹುಟ್ಟುವ ಮೊದಲು ಹೋಗಬೇಕು. ಕತ್ತಿ, ಚೂರಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ದೀಪ, ಟಾರ್ಚು ಏನೂ ಒಯ್ಯಬಾರದು ಎಂದು ಮಾವನ ಹಟ. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ದಿನ ಸಂಜೆಯೇ ಹೋಗಿ ಮರಕ್ಕೆ ಒಂದು ನೂಲು ಕಟ್ಟಿ ಬರುತ್ತಿದ್ದರು.

ಮರ ತಪ್ಪಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಕಾಸರಕ ಎಂಬ ವಿಷದ ಮರದ ತೊಗಟೆ ಕತ್ತಲಲ್ಲಿ ಕೈಗೆ ಬಂದರೆ, ಅದನ್ನೇ ಅರೆದು ಕುಡಿದರೆ, ಕೈಕಾಲು ಸೆಟೆದು ಪ್ರಾಣ ಹೋಗುತ್ತದೆ. ಎರಡೂ ಕಹಿಯೇ. ಕುಡಿಯುವವನಿಗೆ ನಾಲಿಗೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆ ವರ್ಷ ಅಮಾವಾಸ್ಯೆಯ ಮುನ್ನಾದಿನ ಮಾಮಿ ನಮ್ಮ ಹಿತ್ತಿಲಿಗೆ ಬಂದು ನನ್ನನ್ನು ಕರೆದರು. ನಾವು ಮನೆಯಲ್ಲೂ ನೆರೆಯಲ್ಲೂ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಹೆಣ್ಣುಮಕ್ಕಳನ್ನೂ ನಮ್ಮಲ್ಲಿ ಮಗಾ ಎಂದೇ ಕರೆಯುವುದು.

"ಇವತ್ತು ಸಂಜೆ ಮಾವನೊಟ್ಟಿಗೆ ಸ್ವಲ್ಪ ವಾಕಿಂಗ್ ಹೋಗ್ತೀಯಾ ಮಗಾ? ನಾನು ಹೇಳಿದ್ದು ಅಂತ ಹೇಳಬೇಡ. ನೀನಾಗಿ ಹೊರಟ ಹಾಗೆ ಹೋಗು."

"ಯಾಕೆ ಮಾಮಿ?"

ಅವರು ತಮ್ಮ ಕಣ್ಣಿನ ಮೇಲೆ ಬೆರಳಿಟ್ಟು ತೋರಿಸಿದರು. ಅಷ್ಟೇ.

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಮಾವ ಬಿಳಿ ಪಂಚೆ ಮೊಣಕಾಲಿನವರೆಗೆ ಮಡಚಿ, ಕೊಡೆ ಊರಿಕೊಂಡು ಗೇಟು ದಾಟುವಾಗ ನಾನು ಹಿಂದಿನಿಂದ ಸೇರಿಕೊಂಡೆ. "ಓಹೋ, ಪರೀಕ್ಷೆಗೆ ಓದುವುದು ಬಿಟ್ಟು ಊರು ಸುತ್ತುವುದಾ?" ಎಂದು ನಕ್ಕರು. ನಿಧಾನವಾಗಿ ನಡೆದೆವು. ಪ್ರತಿಯೊಂದು ಗೇಟಿನ ಮುಂದೆ ಅವರಿಗೆ ಏನಾದರೂ ಹೇಳುವುದಿತ್ತು. ಈ ಮನೆಯ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಆ ರೆಂಜೆ ಮರ ಒಮ್ಮೆ ಸಿಡಿಲು ಬಡಿದರೂ ಚಿಗುರಿತು, ಇಲ್ಲಿ ಹಿಂದೆ ಒಂದು ನಾಯಿ ಇತ್ತು, ಅಂಚೆಯವನನ್ನು ಕಂಡರೆ ಆಗುತ್ತಿರಲಿಲ್ಲ. ನೆಲದಲ್ಲಿ ಹಳದಿ ಎಲೆ ಕೊಳೆಯುತ್ತಿದ್ದ ವಾಸನೆ. ಮೇಲಿಂದ ಒಂದೊಂದೇ ದಪ್ಪ ಹನಿ. ಎಷ್ಟು ಚಂದದ ಸಂಜೆ ಎಂದು ಅಂದುಕೊಳ್ಳುತ್ತಿದ್ದೆ.

ಓಣಿ ತಿರುಗುವಲ್ಲಿ ಮಾವ ನಿಂತರು. "ಏನು ಬಾಯಮ್ಮ, ಮಳೆಯಲ್ಲಿ ನಿಂತದ್ದು?" ಎಂದು ಜೋರಾಗಿ ಕೇಳಿದರು. ಬಾಯಮ್ಮ ಎಂದರೆ ನಮ್ಮ ಎದುರು ಮನೆಯ ಕ್ರಿಶ್ಚಿಯನ್ ಹೆಂಗಸು, ಗಲ್ಫಿನಲ್ಲಿ ನರ್ಸ್ ಆಗಿದ್ದು ಮರಳಿದವರು. ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮಾವ ಮಾತಾಡಿಸಿದ್ದು ಒಂದು ಗೇಟಿನ ಕಂಬವನ್ನು. ಯಾರೋ ಅದರ ಮೇಲೆ ಬಿಳಿ ಬೆಡ್‌ಶೀಟು ಒಣಹಾಕಿ ಮರೆತಿದ್ದರು.

ಮಾವ ಉತ್ತರಕ್ಕೆ ಕಾದರು. ಆಮೇಲೆ ಕೊಡೆಯ ತುದಿಯಿಂದ ನೆಲ ಕೆದಕಿದರು. "ಕೇಳಿಸಲಿಲ್ಲ ಕಾಣ್ತದೆ," ಎಂದರು. ನಾನು "ಹೌದು ಮಾವ" ಎಂದೆ.

ಓಣಿಯ ಕೊನೆಯಲ್ಲಿ ಬಾಗಿಲು ಹಾಕಿದ ಒಂದು ದೊಡ್ಡ ಬಂಗಲೆ. ಅದರ ಕಂಪೌಂಡಿನೊಳಗೆ, ಕುಸಿದ ಗೋಡೆಯ ಹತ್ತಿರ, ಪಾಲೆ ಮರ. ನಾನು ಅದುವರೆಗೆ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಪಾಲೆಯಿಂದ ಕೈ ಚಾಚಿದರೆ ತಾಗುವಷ್ಟು ದೂರದಲ್ಲಿ ಇನ್ನೊಂದು ಮರ ಇತ್ತು. ಅದರ ಬುಡದಲ್ಲಿ ಕಿತ್ತಳೆ ಬಣ್ಣದ ಸಣ್ಣ ಕಾಯಿಗಳು ಬಿದ್ದಿದ್ದವು. ನೋಡಲು ಚಂದ, ಹಕ್ಕಿ ಕುಕ್ಕಿದ ಗುರುತು ಮಾತ್ರ ಒಂದರಲ್ಲೂ ಇಲ್ಲ. ಕಾಸರಕ.

"ಮಾವ, ಇದು ಇಷ್ಟು ಹತ್ತಿರ ಉಂಟಲ್ಲ!"

"ಅದು ಮೊದಲಿನಿಂದಲೂ ಉಂಟು. ಹೆದರಬೇಡ. ಪಾಲೆಗೆ ಜಜ್ಜಿದರೆ ಹಾಲು ಬರ್ತದೆ, ಇದಕ್ಕೆ ಬರುವುದಿಲ್ಲ. ಕೈಗೇ ಗೊತ್ತಾಗ್ತದೆ ಮಾರಾಯ್ತಿ." ಎರಡೂ ಮರಗಳನ್ನು ಅಂಗೈಯಿಂದ ಸವರಿ, ಪಾಲೆಗೆ ಎದೆಯ ಎತ್ತರದಲ್ಲಿ ಬಿಳಿ ನೂಲು ಸುತ್ತಿ ಗಂಟು ಹಾಕಿದರು. ಕಟ್ಟಿದ್ದು ಪಾಲೆಗೇ. ನಾನು ಮೇಲೆ ನೋಡಿ, ಗೊಂಚಲಾಗಿ ಸುತ್ತ ಹರಡಿದ ಎಲೆ ನೋಡಿ ಖಾತ್ರಿ ಮಾಡಿಕೊಂಡೆ. "ಸರಿ ಉಂಟಾ?" ಎಂದು ಅವರು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಯಾರನ್ನಾದರೂ ಕೇಳಿದ್ದರೋ ಇಲ್ಲವೋ...

ಅವತ್ತು ರಾತ್ರಿ ಗಾಳಿ ಮಳೆ ಜೋರಿತ್ತು. ಹಂಚಿನ ಮೇಲೆ ಕೊಂಬೆಗಳು ಬೀಳುವ ಸದ್ದು ಕೇಳುತ್ತ, ಆ ನೂಲು ಅಲ್ಲೇ ಇರಲಿ ಎಂದುಕೊಳ್ಳುತ್ತ ಮಲಗಿದೆ.

ಬೆಳಿಗ್ಗೆ ಎದ್ದಾಗ ತೊಗಟೆ ನಮ್ಮ ಅಡುಗೆಮನೆಗೆ ಬಂದಾಗಿತ್ತು. ಅಮ್ಮ ಅರೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ, ಬಟ್ಟೆಯಲ್ಲಿ ಸೋಸಿ ಇಟ್ಟಿದ್ದರು. ಕಷಾಯಕ್ಕೆ ಹಾಕುವ ಬಿಳಿ ಬೆಣಚುಕಲ್ಲು ಒಲೆಯ ಮೇಲೆ ಕಾಯುತ್ತಿತ್ತು. ಅಪ್ಪ ಮುಖ ತೊಳೆದು ಲೋಟಕ್ಕೆ ಕೈ ಚಾಚುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಮಾವ ನಿಂತಿದ್ದರು. ಕೊಡೆ ಇಲ್ಲ. ಮೈಯೆಲ್ಲ ಒದ್ದೆ. ಯಾವಾಗಲೂ ಮೊದಲು ಅವರ ಸ್ವರ ಬರುತ್ತಿತ್ತು, ಆಮೇಲೆ ಅವರು. ಅವತ್ತು ಸ್ವರವೇ ಇರಲಿಲ್ಲ.

"ಕುಡಿದಿರಾ?"

"ಇಲ್ಲ, ಕಲ್ಲು ಕಾಯ್ತಾ ಉಂಟು," ಎಂದರು ಅಮ್ಮ.

"ಬೇಡ. ಚೆಲ್ಲಿ."

ಅಪ್ಪ ಕೈ ಹಿಂದೆ ತೆಗೆದರು. ಮಾವ ತಮ್ಮ ಬಲಗೈಯ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಬಿಡಿಸುತ್ತಿದ್ದರು. ಒತ್ತುವುದು, ಬಿಡಿಸುವುದು. "ಅಂಟುವುದಿಲ್ಲ. ನೋಡು ಮಗಾ. ಪಾಲೆಯ ಹಾಲು ತಾಗಿದರೆ ಸಂಜೆಯವರೆಗೆ ಅಂಟಬೇಕು. ಮಳೆಗೆ ಹೋಯಿತೋ, ಹಾಲೇ ಇರಲಿಲ್ಲವೋ..." ಕತ್ತಲಲ್ಲಿ ಕೈಗೆ ನೂಲು ಸಿಕ್ಕಿರಲಿಲ್ಲವಂತೆ. ಹುಡುಕಿದರಂತೆ. ಬೆಳಕಾಗುತ್ತದೆಂದು ಅವಸರದಲ್ಲಿ, ಇದೇ ಮರ ಎಂದು ಅಂದಾಜಿನ ಮೇಲೆ ಜಜ್ಜಿದರಂತೆ.

ಅಪ್ಪ ಉಳಿದ ಮನೆಗಳಿಗೆ ಓಡಿದರು. ಮಾವ ಹೋಗಲಿಲ್ಲ. ನನ್ನ ತೋಳು ಹಿಡಿದುಕೊಂಡು ನಿಂತರು. ಆ ಹಿಡಿತ ಈಗಲೂ ನೆನಪುಂಟು. "ಮಾಮಿ ಕುಡಿದಾಗಿದೆ," ಎಂದರು. "ನಾನು ತಂದ ಕೂಡಲೇ ಅರೆದು ಮೊದಲ ಲೋಟ ಅವಳೇ ಕುಡಿದಳು."

ಅವರ ಮನೆಗೆ ಹೋದಾಗ ಮಾಮಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಪಕ್ಕದಲ್ಲಿ ಖಾಲಿ ಲೋಟ ಬೋರಲು ಹಾಕಿತ್ತು. ಎದುರು ಮನೆಯ ಬಾಯಮ್ಮ ಸುದ್ದಿ ಕೇಳಿ ನೈಟಿಯ ಮೇಲೆ ಟವಲು ಹೊದ್ದುಕೊಂಡೇ ಬಂದಿದ್ದರು. ಮಾಮಿಯ ನಾಡಿ ಹಿಡಿದರು, ದವಡೆ ಮುಟ್ಟಿ ನೋಡಿದರು, ಕುತ್ತಿಗೆ ಆಚೀಚೆ ತಿರುಗಿಸಲು ಹೇಳಿದರು.

"ಆಟೋ ತರಿಸ್ತೇನೆ. ಆಸ್ಪತ್ರೆಗೆ ಹೋಗುವ," ಎಂದರು ಮಾವ.

"ನಾನು ಬರುವುದಿಲ್ಲ," ಎಂದರು ಮಾಮಿ. "ನನಗೆ ಎಂತ ಆಗಿದೆ? ಮಳೆಯಲ್ಲಿ ನೆನೆದು ಬಂದದ್ದು ನೀವು. ತಲೆ ಒರೆಸಿಕೊಳ್ಳಿ ಮೊದಲು."

"ಹಟ ಮಾಡಬೇಡ ಮಾರಾಯ್ತಿ!"

"ಬರುವುದಿಲ್ಲ ಅಂದೆನಲ್ಲ."

ಅಷ್ಟು ಶಾಂತವಾಗಿ ಹೇಳಿದರು. ಸಾಯುವ ಭಯ ಇಲ್ಲದ ಇಂಥ ಹೆಂಗಸು ಇನ್ನೊಬ್ಬರಿಲ್ಲ ಎಂದು ಅವತ್ತು ನನಗೆ ಅನಿಸಿತ್ತು. ಬಾಯಮ್ಮ ಗದರಿದರು. "ಇಬ್ಬರೂ ಜಗಳ ಆಮೇಲೆ ಮಾಡಿ. ನಾನು ಇವರ ಹತ್ತಿರ ಕೂತುಕೊಳ್ತೇನೆ, ಸ್ವಲ್ಪ ಸೆಟೆದರೂ ಎತ್ತಿಕೊಂಡು ಹೋಗುವ. ನೀವು ಹೋಗಿ ಯಾವ ಮರ ಅಂತ ನೋಡಿ ಬನ್ನಿ. ಡಾಕ್ಟರು ಕೇಳುವುದೂ ಅದನ್ನೇ."

ಹಿಂದಿನ ಸಂಜೆ ನಡೆದ ದಾರಿಯಲ್ಲೇ ಹೋದೆವು. ಮಾವ ನನ್ನ ಭುಜ ಹಿಡಿದಿದ್ದರು. ಅದೇ ಗೇಟುಗಳು, ಅದೇ ಬಾವಿ, ಅದೇ ರೆಂಜೆ. ಬೆಳಗಾಗಿದ್ದರೂ ಓಣಿಯೊಳಗೆ ಬೆಳಕು ಇಳಿದಿರಲಿಲ್ಲ. ಮೇಲೆ ನೋಡಲು ಹೆದರಿಕೆ. ಎಲ್ಲ ಮರಗಳೂ ಒಂದೇ ತರ ಕಾಣುತ್ತಿದ್ದವು. ಹಿಂದೆ ಯಾರಾದರೂ ಓಡಿ ಬರುತ್ತಿದ್ದಾರೆಯೇ, ಬಾಯಮ್ಮ ಕೂಗುತ್ತಿದ್ದಾರೆಯೇ ಎಂದು ಕಿವಿ ಅಲ್ಲೇ ಇತ್ತು. ಮಾವ ಏನೋ ಗೊಣಗುತ್ತಿದ್ದರು. ದೇವರ ಹೆಸರು ಇರಬೇಕು ಎಂದುಕೊಂಡೆ. ಹತ್ತಿರದಿಂದ ಕೇಳಿದರೆ, "ಎಡಗಡೆಯದ್ದು, ಎಡಗಡೆಯದ್ದು" ಎನ್ನುತ್ತಿದ್ದರು.

ಕುಸಿದ ಗೋಡೆ ದಾಟಿದೆವು. ನಾನು ನೋಡಿದೆ. ಪಾಲೆಯ ಕಾಂಡದಲ್ಲಿ ಹಸಿ ಗಾಯ. ಜಜ್ಜಿದ ಅಂಚುಗಳಲ್ಲಿ ಹಾಲು ಮಳೆ ನೀರಿನೊಟ್ಟಿಗೆ ಬಿಳಿ ಗೆರೆಯಾಗಿ ಬುಡದವರೆಗೆ ಇಳಿದಿತ್ತು. ಒದ್ದೆ ನೂಲು ಜಾರಿ ಬೇರಿನ ಮೇಲೆ ಸುತ್ತಿಕೊಂಡು ಬಿದ್ದಿತ್ತು.

"ಪಾಲೆಯೇ ಮಾವ! ಇದೇ! ಸರಿ ಉಂಟು!" ಎಂದು ಕಿರುಚಿದೆ. ಅಳು ಬಂದುಬಿಟ್ಟಿತು. ಅವರ ಕೈ ಹಿಡಿದು ಗಾಯದ ಮೇಲೆ ಇಟ್ಟೆ. ಬೆರಳಿಗೆ ಹಾಲು ತಾಗಿತು. ಅವರು ಮೂಸಿದರು, ಬೆರಳು ಒತ್ತಿ ಬಿಡಿಸಿದರು. ಅಂಟಿತು. ನಾನು ಅಂದುಕೊಂಡೆ, ಈಗ ಮುಗಿಯಿತು, ಈಗ ನಗುತ್ತಾರೆ, ಜೋರು ಸ್ವರ ಮರಳುತ್ತದೆ.

ಅವರು ಪಾಲೆ ಬಿಟ್ಟು ಪಕ್ಕದ ಮರಕ್ಕೆ ಹೋದರು. ಎರಡೂ ಅಂಗೈಗಳನ್ನು ಕಾಸರಕದ ಕಾಂಡಕ್ಕೆ ಒತ್ತಿ, ಬುಡದಿಂದ ಕೈ ಎಟಕುವವರೆಗೆ, ಸುತ್ತಲೂ ಸವರತೊಡಗಿದರು. ಅಲ್ಲೂ ಜಜ್ಜಿದ್ದೇನೋ ಎಂದು. "ಅದರಲ್ಲಿ ಗಾಯ ಇಲ್ಲ ಮಾವ, ನಾನು ನೋಡಿದೆ," ಎಂದೆ. ಕೇಳಲಿಲ್ಲ. ಒಂದು ಸುತ್ತು ಮುಗಿಸಿ ಮತ್ತೊಂದು ಸುತ್ತು ಬಂದರು. ಕೆನ್ನೆ ಕಾಂಡಕ್ಕೆ ತಾಗುತ್ತಿತ್ತು. ಆ ವಿಷದ ಮರವನ್ನು ಅವರು ತಬ್ಬಿಕೊಂಡ ಹಾಗೆ ಕಾಣುತ್ತಿತ್ತು. ಮಳೆ ಬರುತ್ತಲೇ ಇತ್ತು.

ಕೊನೆಗೆ ಅಲ್ಲೇ ಬೇರಿನ ಮೇಲೆ ಕೂತರು. "ಇವತ್ತು ಕೈ ಸರಿ ಮರಕ್ಕೆ ಹೋಯಿತು," ಎಂದರು. "ಆದರೆ ನನಗೆ ಗೊತ್ತಿರಲಿಲ್ಲ ಮಗಾ. ಗೊತ್ತಿಲ್ಲದೆ ತಂದುಕೊಟ್ಟೆ." ಆಮೇಲೆ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, ಹೀಗೆಂದರು: "ಅವಳು ಒಂದು ಮಾತು ಕೇಳಲಿಲ್ಲ. ಕಣ್ಣು ಕಾಣದವನ ಕೈಯಿಂದ ತೆಗೆದುಕೊಂಡು, ಕೇಳದೆ ಕುಡಿದಳು. ಅದೇ ನನಗೆ ಹೆದರಿಕೆ."

ಮನೆಗೆ ಮರಳಿ ನಾನೇ ಎಲ್ಲರಿಗೂ ಹೇಳಿದೆ. ಬಾಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, "ಇನ್ನು ನನ್ನ ಬಿಪಿ ನೋಡುವವರು ಯಾರು?" ಎಂದರು. ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಅವರು ಒಂದು ಕುರ್ಚಿ ಎಳೆದು ಮಾಮಿಯ ಎದುರು ಕೂತರು. ಮಾಮಿ ಅಡುಗೆಮನೆಗೆ ಹೋದರೆ ಕುರ್ಚಿಯೂ ಅಲ್ಲಿಗೆ. ಬಟ್ಟೆ ಮಡಚಲು ಚಾವಡಿಗೆ ಬಂದರೆ ಚಾವಡಿಗೆ. ಸಂಜೆ ನಾನು ಹೋದಾಗಲೂ ಹಾಗೇ ಇತ್ತು. ಸರಿಯಾಗಿ ಕಾಣದ ಆ ಕಣ್ಣು ಮಾಮಿಯ ಮುಖದ ಮೇಲೇ. ಮಾಮಿ ತಲೆ ಎತ್ತುತ್ತಿರಲಿಲ್ಲ.

ಆಮೇಲೆ ಮಾವ ತೊಗಟೆ ತರಲು ಹೋಗಲಿಲ್ಲ. ಅದಷ್ಟೇ ಆಗಿದ್ದರೆ ಏನಿಲ್ಲ, ಸಂಜೆಯ ನಡಿಗೆಯೂ ನಿಂತಿತು. ಔಷಧಿಯ ಮಾತ್ರೆಯನ್ನು ಮಾಮಿಗೆ ಅವರು ಕೈಯಾರೆ ಕೊಡುತ್ತಿರಲಿಲ್ಲ, ಡಬ್ಬ ತೋರಿಸಿ "ನೀನೇ ನೋಡಿ ತೆಗೆದುಕೋ" ಎನ್ನುತ್ತಿದ್ದರು. ಹಿತ್ತಿಲಿನ ಬಸಳೆ ಸೊಪ್ಪನ್ನೂ ಕೊಯ್ಯುತ್ತಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಮದುವೆಯಾಗಿ ಹೋದ ಮಗಳು ಎಷ್ಟು ಕರೆದರೂ ಬರುವುದಿಲ್ಲ ಎಂದರು. ನಾವು ಆ ಬಾಡಿಗೆ ಮನೆ ಬಿಟ್ಟ ದಿನ ಹೇಳಿ ಹೋಗಲು ಅವರಲ್ಲಿಗೆ ಹೋದೆ. ಬಾಗಿಲಲ್ಲಿ ನಿಂತು ನನ್ನ ತಲೆ ಮುಟ್ಟಿ, "ನೋಡಿ ನಡೆ," ಎಂದರು. ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಬಸ್ಸಿನಲ್ಲಿ ಬೆರಳು ಅಂಟಿದ ಸಂಜೆಯಿಂದ ಇದೆಲ್ಲ ತಲೆಯಲ್ಲೇ ಇತ್ತು. ಆದಿತ್ಯವಾರ ಕೂಳೂರಿಗೆ ಹೋದೆ. ಮಾಮಿ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ, ಗಟ್ಟಿಯಾಗಿದ್ದಾರೆ, ಮೊಮ್ಮಗಳ ಶಾಲೆಯ ಬಸ್ಸಿಗೆ ಕಾಯುವುದು ಅವರೇ. ಬಾಲ್ಕನಿಯಲ್ಲಿ ಕೂತು ಚಾ ಕುಡಿದೆವು. ಕೊಂಬೆಯ ಕಥೆ ಹೇಳಿದೆ. ಆ ದಿನ ನೀವು ಎಷ್ಟು ಧೈರ್ಯದಲ್ಲಿದ್ದಿರಿ ಮಾಮಿ, ಎಂದೂ ಹೇಳಿದೆ.

ಮಾಮಿ ಒಳಗೆ ನೋಡಿದರು. ಮಗಳು ಫೋನಿನಲ್ಲಿದ್ದಳು. ಆದರೂ ಸ್ವರ ತಗ್ಗಿಸಿದರು.

"ಧೈರ್ಯ ಎಂತದ್ದು? ನಾನು ಕುಡಿದಿರಲೇ ಇಲ್ಲ ಮಗಾ."

ನನಗೆ ಅರ್ಥವಾಗಲಿಲ್ಲ.

"ಅವರು ಆಚೆ ಬೀದಿಗೆ ಮುಖ ಮಾಡಿದಾಗ ಬಚ್ಚಲಿಗೆ ಚೆಲ್ಲಿ ಲೋಟ ಕವುಚಿಟ್ಟೆ. ಹಿಂದಿನ ವರ್ಷವೂ ಹಾಗೆಯೇ ಮಾಡಿದ್ದೆ. ಅವರ ಕಣ್ಣು ನನಗೆ ಗೊತ್ತಿತ್ತಲ್ಲ. ನಿಮಗೆ ಯಾರಿಗಾದರೂ ಏನಾದರೂ ಆದರೆ ಎಂದು ಜೀವ ಕೈಯಲ್ಲಿತ್ತು. ಅದಕ್ಕೇ ನಿನ್ನನ್ನು ಜೊತೆಗೆ ಕಳಿಸಿದ್ದು, ನೂಲು ಸರಿ ಮರಕ್ಕೆ ಬೀಳಲಿ ಅಂತ."

"ಮತ್ತೆ ಅವತ್ತು ಹೇಳಬಹುದಿತ್ತಲ್ಲ ಮಾಮಿ?"

"ಹೇಗೆ ಹೇಳುವುದು? ನೀನಿದ್ದೆ, ಬಾಯಮ್ಮ ಇದ್ದರು. ನಿಮ್ಮೆಲ್ಲರ ಎದುರು ಅವರಿಗೆ, ನಿಮ್ಮನ್ನು ನಂಬದೆ ಚೆಲ್ಲಿದೆ ಅಂತ ಹೇಳುವುದಾ? ಮರ ನೋಡಿ ಬಂದರೆ ಸರಿಹೋಗ್ತದೆ ಅಂದುಕೊಂಡೆ. ನೋಡಿ ಬಂದು ಆ ಕುರ್ಚಿ ಹಾಕಿ ಕೂತರಲ್ಲ... ಪ್ರತಿ ಸಲ ಬಾಯಿಗೆ ಬಂತು. ಮಧ್ಯಾಹ್ನ ಹೇಳುವ, ಸಂಜೆ ಹೇಳುವ, ನಾಳೆ ಹೇಳುವ. ಕೊನೆಕೊನೆಗೆ ಅದು ಹೇಳುವಂಥ ಮಾತಾಗಿ ಉಳಿಯಲಿಲ್ಲ."

ಕೆಳಗೆ ಹೈವೇಯಲ್ಲಿ ಲಾರಿಗಳು ಸೇತುವೆಯ ಕಡೆಗೆ ಸಾಲಾಗಿ ಹೋಗುತ್ತಿದ್ದವು. ಮಾಮಿ ಸೆರಗಿನಿಂದ ಕಪ್ಪಿನ ಅಂಚು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಮರದ ಹತ್ತಿರ ನೀವಿಬ್ಬರೇ ಇದ್ದದ್ದಲ್ಲ," ಎಂದರು. "ನನ್ನ ಬಗ್ಗೆ ಅವರು ಏನಾದರೂ ಹೇಳಿದರಾ? ಗೊತ್ತಾಗಿತ್ತಾ ಅವರಿಗೆ?"

ಬೇರಿನ ಮೇಲೆ ಮಳೆಯಲ್ಲಿ ಕೂತು ಮಾವ ಹೇಳಿದ ಮಾತು ಅಕ್ಷರ ಅಕ್ಷರವಾಗಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಕೇಳಿದ ಮೇಲೆ ಈ ಹೆಂಗಸು ಬಾಲ್ಕನಿಯಲ್ಲಿ ಒಬ್ಬರೇ ಹೇಗೆ ಕೂರುತ್ತಾರೆ, ರಾತ್ರಿ ಹೇಗೆ ಮಲಗುತ್ತಾರೆ ಎಂದು ಯೋಚಿಸಿದರೆ ನನಗೇ ಹೆದರಿಕೆಯಾಯಿತು.

"ಇಲ್ಲ ಮಾಮಿ," ಎಂದೆ. "ಏನೂ ಹೇಳಲಿಲ್ಲ. ಬೇಗ ಮನೆಗೆ ಹೋಗುವ ಅಂದರು, ಅಷ್ಟೇ."

"ಹೌದಾ," ಎಂದು ಅವರು ನನ್ನ ಮುಖ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಎದ್ದು, "ಕತ್ತಲಾಗುವ ಮೊದಲು ಹೊರಡು ಮಗಾ," ಎಂದು ನನ್ನ ಕಪ್ಪು ತೆಗೆದುಕೊಂಡು ಒಳಗೆ ಹೋದರು.